ನೇರ ಮಾತಾಡೋದು ತಪ್ಪಾ? ಆಫೀಸ್‌ನ್ಯಾಗ ನಾ ಎಷ್ಟಂತ ಬದಲಾಗ್ಬೇಕು?

ಗದಗಿನಾಂವ:

ಎಲ್ಲಾರಿಗೂ ನಮಸ್ಕಾರ್ರಿ. ಎರಡ ವರ್ಷದಿಂದ ಇಲ್ಲಿ ಬರೇ ಓದ್ಕೋತ ಇದ್ದೆ, ಇವತ್ತ ಮೊದಲನೇ ಸಲ ಬರಿಯಾಕತ್ತೀನಿ, ಉದ್ದ ಆಗಬಹುದು, ದಯವಿಟ್ಟು ಓದ್ರಿ.

ನಾ ಬೆಂಗಳೂರಾಗ ಒಂದು ಸಾಫ್ಟ್‌ವೇರ್ ಕಂಪನ್ಯಾಗ ಟೆಸ್ಟಿಂಗ್ ಮಾಡ್ತೀನಿ. ಒಂಬತ್ತ ವರ್ಷ ಆತು, ಹೋದ ವರ್ಷ ಲೀಡ್ ಮಾಡಿದ್ರು. ಊರು ಗದಗ. ನಮ್ಮ ಕಡೆ ಮಾತು ಹೆಂಗಿರ್ತಾವ ಅಂತ ನಿಮಗ ಗೊತ್ತು, ಇದ್ದದ್ದ ಇದ್ದಂಗ. ನಮ್ಮಪ್ಪ ಎಪಿಎಂಸ್ಯಾಗ ದಲಾಲಿ ಅಂಗಡ್ಯಾಗ ಮೂವತ್ತ ವರ್ಷ ಗುಮಾಸ್ತ ಇದ್ದ. ಶೇಂಗಾ ಬಂತಂದ್ರ ಚೀಲದಾಗ ಕೈ ಹಾಕಿ ಒಂದ್ ಮುಷ್ಟಿ ತಗೊಂಡು ಕಿವಿ ಹತ್ರ ಅಲ್ಲಾಡಸ್ತಿದ್ದ, ಒಳಗ ಕಾಳಿನ ಸಪ್ಪಳ ಬರ್ಲಿಲ್ಲಂದ್ರ ರೈತನ ಮುಖ ನೋಡೇ ಹೇಳ್ತಿದ್ದ, "ಹಸಿ ಐತಿ, ಇನ್ನೆರಡ ದಿನ ಒಣಗಸು" ಅಂತ. ಸೂಟಿಯೊಳಗ ನಾ ಅಲ್ಲೇ ಚೀಲದ ಮ್ಯಾಲೆ ಕುಂತು ನೋಡ್ಕೋತ ಬೆಳದಾಂವ. ನನ್ನ ಕೆಲಸಾನೂ ಅದ ಐತಲ್ರಿ, ಹಸಿ ಇದ್ರ ಹಸಿ ಅನ್ನೂದು.

ಲೀಡ್ ಆದಮ್ಯಾಲೆ ಮೊದಲನೇ ರಿವ್ಯೂದಾಗ ಮ್ಯಾನೇಜರ್ ಹೇಳಿದ್ರು, ಕೆಲಸ ಭಾಳ ಚಲೋ ಐತಿ ಆದ್ರ ಟೋನ್ ಹಾರ್ಶ್, ಡೆವಲಪರ್ಸ್ ನಿನ್ನ ಕಂಡ್ರ ಅಂಜತಾರ, ಸ್ವಲ್ಪ ಅಪ್ರೋಚಬಲ್ ಆಗು. ನನಗ ಆ ರಾತ್ರಿ ನಿದ್ದಿ ಬರ್ಲಿಲ್ಲ. ನಾ ಯಾರಿಗೂ ಬೈದಾಂವ ಅಲ್ಲ, ದನಿ ಏರಿಸಿದಾಂವ ಅಲ್ಲ, "ಇದು ತಪ್ಪೈತಿ, ಇದು ಕೆಲಸ ಮಾಡೂದಿಲ್ಲ" ಅಂತಿದ್ದೆ ಅಷ್ಟ. ಆದ್ರೂ ಬದಲ ಆಗೂಣು ಅಂತ ನಿಶ್ಚಯ ಮಾಡಿದೆ. ಹಿಂಗಾಗಿ ಮೀಟಿಂಗ್‌ನ್ಯಾಗ ಮೊದಲ ನಗೂದು, ವೀಕೆಂಡ್ ಹೆಂಗಾತು ಅಂತ ಕೇಳೂದು, "ತಪ್ಪು" ಅನ್ನೂದನ್ನ ಬಿಟ್ಟು "ಒಂದು ಸಣ್ಣ ಅಬ್ಸರ್ವೇಶನ್" ಅನ್ನೂದು, ಎಲ್ಲಾ ಕಲತೆ. ಎಂಟ ತಿಂಗಳ ಹಿಂಗ ಮಾಡೇನಿ. ಮುಂದಿನ ರಿವ್ಯೂದಾಗ ಹೊಗಳಿದ್ರು.

ಈಗ ತೊಂದ್ರಿ ಏನಂದ್ರ ಎರಡು. ಒಂದು, ಮನ್ಯಾಗ ನನ್ನ ಹೆಂಡ್ತಿ ಹೇಳ್ತಾಳ, "ನೀವು ನನ್ನ ಜೋಡಿನೂ ಆಫೀಸ್‌ನ್ಯಾಗ ಮಾತಾಡಿದಂಗ ಮಾತಾಡಾಕತ್ತೀರಿ, ಸಾರಿಗೆ ಉಪ್ಪು ಜಾಸ್ತಿ ಆಗೇತಿ ಅನ್ನಾಕ ಇಷ್ಟ ಸುತ್ತೂದು ಯಾಕ" ಅಂತ. ಎರಡನೇದು ಹೇಳಾಕ ನನಗ ಕಷ್ಟ ಆಗ್ತದ. ಮೂರ ವಾರದ ಹಿಂದ ಪೇಮೆಂಟ್ ಮಾಡೂ ಸ್ಕ್ರೀನ್‌ನ್ಯಾಗ ಒಂದು ಬಗ್ ಸಿಕ್ತು, ನೆಟ್‌ವರ್ಕ್ ನಡುವ ಹೋಗಿ ವಾಪಸ್ ಬಂದ್ರ ಕೆಲವೊಮ್ಮೆ ದುಡ್ಡು ಎರಡ ಸಲ ಕಟ್ ಆಗ್ತಿತ್ತು. ಯಾವ ಬಗ್ ಮೊದಲ ಸರಿ ಮಾಡಬೇಕು ಅಂತ ನಿಶ್ಚಯ ಮಾಡೂ ಟ್ರಯಾಜ್ ಮೀಟಿಂಗ್‌ನ್ಯಾಗ ನಾ ನಕ್ಕೋತ "ಒಂದು ಸಣ್ಣ ಅಬ್ಸರ್ವೇಶನ್ ಐತಿ, ಟೈಮ್ ಸಿಕ್ಕಾಗ ನೋಡಬಹುದು" ಅಂದೆ. ಅವರು "ಹೌದಾ, ಮುಂದಿನ ರಿಲೀಸ್‌ನ್ಯಾಗ ನೋಡೂಣು" ಅಂದ್ರು, ನಾ ಗೋಣ ಹಾಕಿದೆ. ರಿಲೀಸ್ ಆತು. ನಾಕನೇ ದಿನಕ್ಕ ಕಂಪ್ಲೇಂಟ್ ಬರಾಕ ಹತ್ತಿದ್ವು, ಎಲ್ಲಾ ಸಣ್ಣ ಸಣ್ಣ ಅಂಗಡಿಯವರು, ಒಬ್ಬರದ ಹದಿನೆಂಟ ಸಾವಿರ ಎರಡ ಸಲ ಹೋಗಿತ್ತು, ವಾಪಸ್ ಬರಾಕ ಆರ ದಿನ ಹಿಡೀತು. ಯಾರೂ ನನಗ ಬೈಲಿಲ್ಲ. ಆದ್ರ ನನಗ ಗೊತ್ತೈತಿ, ಒಂದ ವರ್ಷದ ಹಿಂದಿನ ನಾ ಆಗಿದ್ರ ಆ ರಿಲೀಸ್ ನಿಲ್ಲಸ್ತಿದ್ದೆ.

ಈಗ ನಾ ಯಾರು ಅಂತ ನನಗ ತಿಳೀವಲ್ದು. ಹುಟ್ಟಗುಣ ಸುಟ್ಟರೂ ಹೋಗೂದಿಲ್ಲ ಅಂತಾರ, ನನ್ನದು ಎಂಟ ತಿಂಗಳಿಗೇ ಹೋತೇನು? ನಾ ಹಳೇದಕ್ಕ ವಾಪಸ್ ಹೋಗ್ಲೋ ಅಥವಾ ಇದ ಸರಿಯೋ? ಬದಲಾಗೂದಂದ್ರ ಎಲ್ಲಿತನಕ?

---

ಜಯನಗರದ ಅಕ್ಕ:

ನಿಮ್ಮ ಪೋಸ್ಟ್ ಬೆಳಗ್ಗೆ ಓದ್ದೆ, ಇಡೀ ದಿನ ತಲೇಲೇ ಇತ್ತು, ಅದಕ್ಕೆ ಈಗ ಕೂತು ಬರೀತಿದೀನಿ. ನಾನು ಹದಿನಾರು ವರ್ಷದಿಂದ ಎಚ್‌ಆರ್‌ನಲ್ಲಿದೀನಿ, ಇಂಥ ಫೀಡ್‌ಬ್ಯಾಕ್ ಕೊಡೋ ಮ್ಯಾನೇಜರ್‌ಗಳ ಪಕ್ಕದಲ್ಲಿ ಕೂತಿದೀನಿ, ಎಷ್ಟೋ ಸಲ ನಾನೇ ಕೊಟ್ಟಿದೀನಿ.

ಮೊದಲನೇದಾಗಿ, ನಿಮಗೆ ಕೊಟ್ಟ ಫೀಡ್‌ಬ್ಯಾಕ್ ಅರ್ಧ ಫೀಡ್‌ಬ್ಯಾಕ್. "ಟೋನ್ ಹಾರ್ಶ್" ಅಂದ್ರೆ ಏನೂ ಹೇಳಿದ ಹಾಗಾಗಲ್ಲ. ಯಾವ ಮೀಟಿಂಗಲ್ಲಿ, ಯಾವ ವಾಕ್ಯ, ಕೇಳಿದೋರಿಗೆ ಏನಾಯ್ತು, ಇಷ್ಟು ಹೇಳ್ದೆ ಇದ್ರೆ ಕೇಳಿಸ್ಕೊಂಡೋರು ತಮ್ಮ ಸ್ವಭಾವವೇ ತಪ್ಪು ಅಂದ್ಕೊಂಡು ಪೂರ್ತಿ ತಮ್ಮನ್ನೇ ಉಜ್ಜಿ ಅಳಿಸೋಕೆ ಶುರು ಮಾಡ್ತಾರೆ, ನೀವು ಮಾಡಿದ್ದೂ ಅದೇ. ಈಗ್ಲೂ ತಡ ಆಗಿಲ್ಲ, ಹೋಗಿ ಕೇಳಿ, ಎರಡು ಉದಾಹರಣೆ ಕೊಡಿ ಅಂತ. ನಂಗೆ ಅನ್ಸೋದು, ಅದು "ತಪ್ಪು" ಅನ್ನೋ ಪದದ ಬಗ್ಗೆ ಇರೋದೇ ಇಲ್ಲ. ಹತ್ತು ಜನರ ಎದುರಿಗೆ ಹೇಳಿದ್ದಕ್ಕೋ, ಆ ಹುಡುಗ ರಾತ್ರಿ ಎರಡು ಗಂಟೆವರೆಗೂ ಕೂತು ಬರೆದ ಕೋಡ್ ಬಗ್ಗೆ ಬೆಳಗ್ಗೆ ಒಂಬತ್ತೂವರೆಗೇ ಹೇಳಿದ್ದಕ್ಕೋ ಇರುತ್ತೆ.

ಎರಡನೇದು ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ, ಬೇಜಾರಾಗ್ಬೇಡಿ. ಬಗ್‌ಗೆ ಸೆವೆರಿಟಿ, ಅಂದ್ರೆ ಅದು ಎಷ್ಟು ಗಂಭೀರ ಅನ್ನೋ ನಂಬರ್, ಹಾಕೋದು ನಿಮ್ಮ ಕೆಲಸ, ಅದು ನಿಮ್ಮ ಸ್ವಭಾವ ಅಲ್ಲ. ದುಡ್ಡು ಎರಡು ಸಲ ಕಟ್ ಆಗೋದು ಸೆವ್ ಒನ್, ಎಲ್ಲಕ್ಕಿಂತ ಗಂಭೀರ. ನೀವು ನಗ್ತಾ ಹೇಳಿ, ಅಳ್ತಾ ಹೇಳಿ, ಬಗ್ ಬರೆದಿಡೋ ಜಿರಾದಲ್ಲಿ ಸೆವ್ ಒನ್ ಅಂತಾನೇ ಇರ್ಬೇಕು. ನೀವು ಅಲ್ಲಿ ಏನು ಹಾಕಿದ್ರಿ?

---

ಗದಗಿನಾಂವ:

ಅಕ್ಕಾರ, ಸೆವ್ ತ್ರೀ ಹಾಕಿದ್ದೆ. ಈ ಪ್ರಶ್ನಿ ಯಾರರ ಕೇಳ್ತಾರ ಅಂತ ಅಂಜಿಕೊಂಡ ಕುಂತಿದ್ದೆ.

---

ಸಾಗರದ ಕಡೆಯವ:

ನನ್ನ ಕತೆ ಹೇಳ್ತೀನಿ, ನಿಮಗೆ ಉಪಯೋಗ ಆಗ್ಬಹುದು.

2003ರಲ್ಲಿ ಡಿಗ್ರಿ ಮುಗಿಸ್ಕೊಂಡು ಬೆಂಗಳೂರಿಗೆ ಬಂದೆ, ಕಾಲ್ ಸೆಂಟರ್‌ಗೆ ಸೇರ್ಕೊಂಡೆ. ಆಗಿನ ಕಾಲ ನೋಡಿದವರಿಗೆ ಗೊತ್ತಿರುತ್ತೆ, ಸಂಜೆ ಕ್ವಾಲಿಸ್ ಬಂದು ಎತ್ಕೊಂಡು ಹೋಗ್ತಿತ್ತು, ಬೆಳಗಿನ ಜಾವ ಹಾಲಿನವರ ಜೊತೆ ಮನೆ ಸೇರ್ತಿದ್ವಿ. ಮೊದಲ ಆರು ವಾರ ಬರೀ ಟ್ರೈನಿಂಗ್. ವಿ ಮತ್ತು ಡಬ್ಲ್ಯೂ ಬೇರೆ ಬೇರೆ ಹೇಳ್ಬೇಕು, ಡಬ್ಲ್ಯೂಗೆ ತುಟಿ ಗುಂಡಗೆ ಮಾಡ್ಬೇಕು, ವಿಗೆ ಕೆಳತುಟಿ ಹಲ್ಲಿಗೆ ತಾಗ್ಬೇಕು, ಕನ್ನಡಿ ಹಿಡ್ಕೊಂಡು ಅಭ್ಯಾಸ ಮಾಡಿಸ್ತಿದ್ರು. ಹೆಸರು ಬದಲಾಯಿಸಿದ್ರು, ನಾನು ರಾತ್ರಿ ಎಂಟೂವರೆಯಿಂದ ಬೆಳಗ್ಗೆ ಐದೂವರೆವರೆಗೆ ಕೆವಿನ್. ಊರಲ್ಲಿ ಅಜ್ಜಂಗೆ ಇದು ಗೊತ್ತಾದಾಗ ಎರಡು ದಿನ ಮಾತಾಡಿರ್ಲಿಲ್ಲ, ಇಟ್ಟ ಹೆಸರು ಬಿಟ್ಟು ದುಡೀಬೇಕಾ ಅಂತ.

ಆದ್ರೆ ನಿಜ ಹೇಳ್ತೀನಿ, ಆ ಹೆಸರು ನಂಗೆ ಯಾವತ್ತೂ ನೋವು ಕೊಡ್ಲಿಲ್ಲ. ಕಂಡಕ್ಟರ್ ಖಾಕಿ ಹಾಕಿದ ಹಾಗೆ, ಬೆಳಗ್ಗೆ ಕಳಚಿ ಇಡ್ತಿದ್ದೆ. ಉಚ್ಚಾರಣೆ ಕಲ್ತಿದ್ದು ಇವತ್ತಿಗೂ ಕೆಲಸಕ್ಕೆ ಬರ್ತಿದೆ. ನೋವಾಗಿದ್ದು ಬೇರೆ ಕಡೆ. ಎರಡನೇ ವರ್ಷ ಬೇರೆ ಪ್ರಾಸೆಸ್‌ಗೆ ಹಾಕಿದ್ರು, ಅಲ್ಲಿ ಯಾರಾದ್ರೂ ಪ್ಲಾನ್ ಕ್ಯಾನ್ಸಲ್ ಮಾಡಿ ಅಂತ ಫೋನ್ ಮಾಡಿದ್ರೆ ಬಿಡ್ಬಾರ್ದು, ಮೂರು ಸಲ ಬೇರೆ ಬೇರೆ ಆಫರ್ ಹೇಳ್ಬೇಕು ಅಂತ ಸ್ಕ್ರಿಪ್ಟ್. ಒಂದಿನ ರಾತ್ರಿ ಒಬ್ಬ ವಯಸ್ಸಾದ ಹೆಂಗಸು, ಗಂಡ ತೀರ್ಕೊಂಡಿದ್ದಾರೆ, ಅವರ ಹೆಸರಲ್ಲಿದ್ದ ಕನೆಕ್ಷನ್ ತೆಗೀಬೇಕಾಗಿತ್ತು. ಸ್ಕ್ರೀನ್ ಮೇಲೆ ಎರಡನೇ ಆಫರ್ ಬಂತು, ಸೂಪರ್‌ವೈಸರ್ ಹಿಂದೆ ನಿಂತು ಹೆಡ್‌ಸೆಟ್‌ನಲ್ಲಿ ಕೇಳ್ತಿದ್ರು, ನಾನು ಓದಿದೆ. ಆಯಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ಓಕೆ ಹನಿ" ಅಂದ್ರು. ತಗೊಂಡ್ರು ಆಫರ್. ಅವತ್ತು ಬೆಳಗ್ಗೆ ಮನೆಗೆ ಬಂದು ಕೆವಿನ್‌ನ ಕಳಚಿ ಇಡೋಕೆ ಆಗ್ಲಿಲ್ಲ ನಂಗೆ, ಯಾಕಂದ್ರೆ ಅದು ಮಾಡಿದ್ದು ನಾನು. ಮುಂದಿನ ತಿಂಗಳು ಬಿಟ್ಟೆ.

ನೀವು ಕೇಳಿದ್ರಲ್ಲ ಎಲ್ಲಿವರೆಗೆ ಅಂತ, ನಂಗೆ ಗೆರೆ ಕಂಡಿದ್ದು ಆ ರಾತ್ರಿ. ಹೆಸರು, ದನಿ, ನಗು, ಬಟ್ಟೆ, ಹವಾಮಾನದ ಮಾತು, ಇವೆಲ್ಲ ಗೆರೆಯ ಈಚೆ. ನಿಮ್ಮ ವೀಕೆಂಡ್ ಮಾತೂ, "ಅಬ್ಸರ್ವೇಶನ್" ಅನ್ನೋ ಪದಾನೂ ಈಚೆ ಕಡೆನೇ ಇದೆ. ಸೆವ್ ತ್ರೀ ಆಚೆ ಹೋಯ್ತು.

---

ರಾಯಚೂರು ಹುಡುಗಿ:

ಎಲ್ಲಾರೂ ಛಲೋ ಛಲೋ ಹೇಳ್ಯಾರ, ಆದ್ರ ಒಂದು ಮಾತು ಯಾರೂ ಹೇಳಲಿಲ್ಲ ಅದಕ್ಕ ನಾ ಹೇಳ್ತೀನಿ. ಈ ಬದಲಾಗೂದು ಯಾವಾಗ್ಲೂ ಯಾರ ಪಾಲಿಗೆ ಬರ್ತದ ನೋಡ್ರಿ. ನಾ ಡೆವಲಪರ್, ಏಳು ವರ್ಷ. ಕನ್ನಡ ಮೀಡಿಯಂನಾಗ ಓದಿ ಬಂದಾಕಿ. ನನ್ನ ಟೀಮ್‌ನಾಗ ಒಬ್ಬವ ಇದಾನ, ನನಗಿಂತ ಜೋರು ಮಾತಾಡ್ತಾನ, ಟೇಬಲ್ ಬಡೀತಾನ, ಅವನ ಇಂಗ್ಲಿಷ್ ನುಣ್ಣಗ ಅದ, ಅವನಿಗೆ ರಿವ್ಯೂದಾಗ "ಪ್ಯಾಶನೇಟ್" ಅಂತ ಬರೀತಾರ. ಅದೇ ಮಾತು ನಾ ಮೆಲ್ಲಕ ಹೇಳಿದ್ರೂ "ಅಗ್ರೆಸ್ಸಿವ್". ನಮ್ಮ ಕಡೆ ಕನ್ನಡದ ಧಾಟಿನೇ ಹಂಗದ, ಇಲ್ಲಿ ಕ್ಯಾಂಟೀನ್‌ನಾಗ ನಾನೂ ನನ್ನ ಗೆಳತಿನೂ ಊರ ಸುದ್ದಿ ಮಾತಾಡ್ತಿದ್ರ "ಯಾಕ್ರೀ ಜಗಳ ಆಡ್ತಿದೀರ" ಅಂತ ಕೇಳಿದಾರ, ಒಮ್ಮೆ ಅಲ್ಲ, ನಾಲ್ಕೈದು ಸಲ.

ಅಣ್ಣಾ, ಟೋನ್ ತಿದ್ದಿಕೋ ಅಂದಾಗ ಅದು ನಿಮ್ಮ ಮಾತಿನ ಬಗ್ಗೆ ಅದನೋ, ನಿಮ್ಮ ಊರಿನ ಬಗ್ಗೆ ಅದನೋ ನೋಡ್ಕೋರಿ. ಮೊದಲನೇದು ಆದ್ರ ತಿದ್ದಿಕೋರಿ, ಎರಡನೇದು ಆದ್ರ ಅವರಿಗೆ ಸ್ವಲ್ಪ ಕಿವಿ ರೂಢಿ ಆಗ್ಲಿ ಬಿಡ್ರಿ. ಎಲ್ಲಾ ನಾವೇ ಬಗ್ಗಬೇಕು ಅಂತ ಎಲ್ಲಿ ಬರದದ. ನಾನಂತೂ ಈಗ ಮೀಟಿಂಗ್‌ನಾಗ ಹೇಳೇ ಬಿಡ್ತೀನಿ, ನನ್ನ ಮಾತಿನ ಧಾಟಿ ಹಿಂಗ, ಸಿಟ್ಟು ಅಲ್ಲ, ಸಿಟ್ಟು ಬಂದ್ರ ನಾನೇ ಹೇಳ್ತೀನಿ ಅಂತ. ಒಂದು ಸಲ ಹೇಳಿದ ಮ್ಯಾಲೆ ಭಾಳ ಮಂದಿ ಸರಿ ಹೋದ್ರು.

---

ಐಂಡ್‌ಹೋವನ್ ಕನ್ನಡಿಗ:

ಇದನ್ನ ಓದಿ ನನಗೆ ಪೂರ್ತಿ ಉಲ್ಟಾ ಅನುಭವ ಆಗಿದ್ದು ನೆನಪಾಯ್ತು. ನಾನು ಹಾಸನದ ಕಡೆಯವನು, ಆರು ವರ್ಷದಿಂದ ನೆದರ್ಲೆಂಡ್ಸ್‌ನಲ್ಲಿದ್ದೀನಿ. ಚಿಕ್ಕಂದಿನಿಂದ ದೊಡ್ಡವರೆದುರು ಎದುರಾಡಬಾರದು ಅಂತ ಬೆಳೆದೋನು, ಯಾರಾದರೂ ಏನಾದರೂ ಕೇಳಿದ್ರೆ ಆಗಲ್ಲ ಅನ್ನೋಕೆ ಬಾಯೇ ಬರ್ತಿರ್ಲಿಲ್ಲ, "ನೋಡೋಣ", "ಟ್ರೈ ಮಾಡ್ತೀನಿ" ಅಂತಿದ್ದೆ. ಬೆಂಗಳೂರಲ್ಲಿ ಅದು ನಡೀತಿತ್ತು, ಕೇಳಿದವರಿಗೂ ಅರ್ಥ ಆಗ್ತಿತ್ತು "ನೋಡೋಣ" ಅಂದ್ರೆ ಕಷ್ಟ ಇದೆ ಅಂತ. ಇಲ್ಲಿ ಡಚ್ಚರಿಗೆ ಟ್ರೈ ಮಾಡ್ತೀನಿ ಅಂದ್ರೆ ಮಾಡ್ತೀನಿ ಅಂತ ಅರ್ಥ. ಒಂದ್ಸಲ ಒಂದು ಕೆಲಸ ಶುಕ್ರವಾರಕ್ಕೆ ಆಗುತ್ತಾ ಅಂತ ಬಾಸ್ ಕೇಳಿದಾಗ ಟ್ರೈ ಮಾಡ್ತೀನಿ ಅಂದಿದ್ದೆ. ಶುಕ್ರವಾರಕ್ಕೆ ಆಗಿರ್ಲಿಲ್ಲ, ಬಾಸ್ ಕೋಪ ಮಾಡ್ಕೊಳ್ಲಿಲ್ಲ, ನಿಜವಾಗ್ಲೂ ಅರ್ಥ ಆಗ್ದೆ ಕೇಳಿದ, ಆಗಲ್ಲ ಅಂತ ಮಂಗಳವಾರವೇ ನಿನಗೆ ಗೊತ್ತಿದ್ರೆ ಮಂಗಳವಾರ ಯಾಕೆ ಹೇಳ್ಲಿಲ್ಲ ಅಂತ. ಅವನ ಲೆಕ್ಕದಲ್ಲಿ ನಾನು ಮರ್ಯಾದೆ ಕೊಟ್ಟಿದ್ದಲ್ಲ, ವಿಷಯ ಮುಚ್ಚಿಟ್ಟಿದ್ದು.

ಗದಗದವರೇ, ನೀವು ಇಲ್ಲಿದ್ದಿದ್ರೆ ನಿಮ್ಮ ರಿವ್ಯೂದಲ್ಲಿ ಟೋನ್ ಬಗ್ಗೆ ಒಂದಕ್ಷರ ಬರ್ತಿರ್ಲಿಲ್ಲ ಅಂತ ಧೈರ್ಯವಾಗಿ ಹೇಳ್ತೀನಿ, ಇಲ್ಲಿ ಹೊಸದಾಗಿ ಸೇರಿದ ಹುಡುಗಿ ಕೂಡ ಡೈರೆಕ್ಟರ್‌ಗೆ ಮುಖಕ್ಕೇ ಹೇಳ್ತಾಳೆ ಈ ಪ್ಲಾನ್ ನನಗೆ ಸರಿ ಕಾಣ್ತಿಲ್ಲ ಅಂತ, ಅವನೂ ಯಾಕೆ ಅಂತ ಕೇಳ್ತಾನೆ, ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಬ್ರೆಡ್ಡು ಚೀಸು ತಿಂತಾರೆ. ಹಾಗಾಗಿ ನಿಮ್ಮದು ಕೆಟ್ಟ ಗುಣ ಅಂತ ಅಂದ್ಕೋಬೇಡಿ, ಊರು ಬದಲಾದ್ರೆ ಅದೇ ಗುಣದ ಬೆಲೆ ಬದಲಾಗುತ್ತೆ.

ನಾನು ಒಂದೂವರೆ ವರ್ಷ ಒದ್ದಾಡಿ "ಇಲ್ಲ, ಆಗಲ್ಲ" ಅನ್ನೋದು ಕಲಿತೆ. ಮೊದಲು ಮೇಲ್‌ನಲ್ಲಿ ಬರೀತಿದ್ದೆ, ಆಮೇಲೆ ಬಾಯಲ್ಲಿ. ಅಂಗೈ ಬೆವರ್ತಿತ್ತು. ಈಗ ಅದು ನನ್ನದೇ ಆಗಿದೆ. ಆದ್ರೆ ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಸೋದರಮಾವ ಅವರ ಮಗನ ಮದುವೆ ಜವಾಬ್ದಾರಿ ಎರಡು ದಿನ ನೋಡ್ಕೋ ಅಂದ್ರು, ನಾನು ಯೋಚನೆ ಮಾಡ್ದೆ "ಇಲ್ಲ ಮಾವ, ಆಗಲ್ಲ" ಅಂದ್ಬಿಟ್ಟೆ. ಪಡಸಾಲೆಯಲ್ಲಿ ಎಲ್ಲರೂ ಸುಮ್ಮನಾದ್ರು. ಅಮ್ಮ ಒಳಗೆ ಕರೆದು "ನೋಡ್ತೀನಿ ಮಾವ ಅನ್ನೋಕೆ ಏನಾಗಿತ್ತು ನಿನಗೆ" ಅಂದ್ರು. ಅಮ್ಮನ ಮಾತು ಸರಿ ಇತ್ತು, ಅಲ್ಲಿ "ನೋಡ್ತೀನಿ" ಅಂದ್ರೆ ಎಲ್ಲರಿಗೂ ಅರ್ಥ ಆಗ್ತಿತ್ತು. ನಿಮ್ಮ ಮನೆಯವರು ಸಾರಿನ ವಿಷಯ ಹೇಳಿದ್ರಲ್ಲ, ಅದನ್ನ ಓದಿದಾಗ ಆ ಪಡಸಾಲೆನೇ ಕಣ್ಮುಂದೆ ಬಂತು.

---

ಉಡುಪಿಯ ಸಿಸ್ಟರ್:

ನಾನು ಸಾಫ್ಟ್‌ವೇರ್‌ನವಳಲ್ಲ, ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್, ಈಗ ಐಸಿಯುನಲ್ಲಿ. ನಮ್ಮ ಕೆಲಸದಲ್ಲಿ ನೀವು ಹೇಳುವ ಈ ನಗುವುದು, ತಗ್ಗಿ ಮಾತಾಡುವುದು ಎಲ್ಲ ಡ್ಯೂಟಿಯ ಭಾಗವೇ. ರಾತ್ರಿ ಮೂರು ಗಂಟೆಗೆ ಒಂದು ಬೆಡ್ಡಿನಲ್ಲಿ ಒಬ್ಬರು ತೀರಿಕೊಂಡಿರುತ್ತಾರೆ, ಅವರ ಮನೆಯವರ ಹತ್ತಿರ ಮಾತಾಡಿ ಬಂದು ಎರಡು ನಿಮಿಷದಲ್ಲಿ ಪಕ್ಕದ ಬೆಡ್ಡಿನ ಅಜ್ಜನಿಗೆ "ಎಂತ ಅಜ್ಜ, ನಿದ್ದೆ ಬರಲಿಲ್ಲವಾ" ಅಂತ ನಗಾಡಿಕೊಂಡು ಕೇಳಬೇಕು. ಅದು ಸುಳ್ಳು ನಗುವಾ? ಅಲ್ಲ. ಆ ಅಜ್ಜನ ಮೇಲೆ ನನಗೆ ನಿಜವಾಗಿ ಪ್ರೀತಿ ಉಂಟು. ಆದರೆ ಆ ಹೊತ್ತಿಗೆ ನನ್ನೊಳಗೆ ನಗು ಇರುವುದಿಲ್ಲ, ತರಬೇಕು.

ನಾನು ಮಾಡುವುದೆಂತ ಹೇಳಿದರೆ, ಎರಡು ಬೆಡ್ಡಿನ ನಡುವೆ ಹೇಗೂ ಕೈ ತೊಳೆಯಬೇಕಲ್ಲ, ಆ ಸಿಂಕಿನ ಎದುರು ನಿಂತು ಬೆರಳ ಸಂದು ಸಂದು ತಿಕ್ಕಿ ತೊಳೆಯುವಾಗ ಹಿಂದಿನ ಬೆಡ್ಡನ್ನು ಅಲ್ಲಿಯೇ ಬಿಡುತ್ತೇನೆ, ನೀರು ನಿಲ್ಲಿಸುವಾಗ ಮುಂದಿನ ಬೆಡ್ಡಿನವರ ಹೆಸರು ಮನಸ್ಸಲ್ಲಿ ಹೇಳುತ್ತೇನೆ. ಯಾರೂ ಕಲಿಸಿದ್ದಲ್ಲ, ಮಾಡಿ ಮಾಡಿ ಬಂದದ್ದು.

ನಮ್ಮ ದೊಡ್ಡಪ್ಪ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ಮಾಡುತ್ತಿದ್ದರು. ಮುಖಕ್ಕೆ ಚುಟ್ಟಿ ಇಡುವುದಕ್ಕೆ ಗಂಟೆಗಟ್ಟಲೆ ಬೇಕು. ಬೆಳಗಿನ ಜಾವ ಆಟ ಮುಗಿದ ಮೇಲೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ, ಕಳಚುವ ಜಾಗದಲ್ಲಿ, ಕೂತು ತೆಂಗಿನೆಣ್ಣೆ ಹಚ್ಚಿ ನಿಧಾನಕ್ಕೆ ಬಣ್ಣ ತೆಗೆಯುತ್ತಿದ್ದರು, ಅವಸರ ಮಾಡಿದರೆ ಚರ್ಮ ಕಿತ್ತು ಬರುತ್ತದೆ ಅಂತ. ನಾನು ಸಣ್ಣವಳಿದ್ದಾಗ ಅಲ್ಲಿ ನಿದ್ದೆಗಣ್ಣಲ್ಲಿ ಕೂತು ನೋಡುತ್ತಿದ್ದೆ, ರಾಕ್ಷಸ ಹೋಗಿ ಸ್ವಲ್ಪ ಸ್ವಲ್ಪವೇ ದೊಡ್ಡಪ್ಪ ಬರುವುದು. ರಾತ್ರಿ ಇಡೀ ರಾಕ್ಷಸ ಆಗಿದ್ದವರು ಮನೆಗೆ ಬಂದು ದನಕ್ಕೆ ಹುಲ್ಲು ಹಾಕುತ್ತಿದ್ದರು. ಗದಗದ ಅಣ್ಣ, ನೀವು ಆಫೀಸಿನಿಂದ ಸೀದಾ ಬಣ್ಣದಲ್ಲೇ ಮನೆಗೆ ಹೋಗುತ್ತಿದ್ದೀರಿ ಅಂತ ನನಗೆ ಕಾಣುತ್ತದೆ. ಚೌಕಿ ಒಂದು ಬೇಕು ಮಾರಾಯ್ರೆ. ಬಸ್ಸಲ್ಲಿ ಹೋಗುವುದಾದರೆ ಎರಡು ಸ್ಟಾಪ್ ಮೊದಲು ಇಳಿದು ನಡೆಯಿರಿ.

---

ಮೈಸೂರಿನ ಮೇಷ್ಟ್ರು:

ನಾನು ಕಾಲೇಜಲ್ಲಿ ಮನಃಶಾಸ್ತ್ರ ಪಾಠ ಮಾಡ್ತೀನಿ, ಸಿಸ್ಟರ್ ಬರೆದಿದ್ದು ಓದಿ ಸುಮ್ನಿರೋಕೆ ಆಗ್ಲಿಲ್ಲ, ಯಾಕಂದ್ರೆ ಅವರು ಸಿಂಕಿನ ಮುಂದೆ ಮಾಡೋದನ್ನೇ ನಾವು ಕ್ಲಾಸಲ್ಲಿ ಎರಡು ಪೀರಿಯಡ್ ಪಾಠ ಮಾಡ್ತೀವಿ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಶೀಲ್ಡ್ ಅಂತ, 1983ರಲ್ಲಿ ಅವರು ವಿಮಾನದ ಗಗನಸಖಿಯರನ್ನೂ, ಬಾಕಿ ವಸೂಲಿ ಮಾಡೋರನ್ನೂ ಅಧ್ಯಯನ ಮಾಡಿ ಬರೆದ್ರು. ಒಬ್ಬರಿಗೆ ನಗೋದು ಕೆಲಸ, ಇನ್ನೊಬ್ಬರಿಗೆ ಗದರೋದು ಕೆಲಸ, ಇಬ್ಬರೂ ಸಂಬಳಕ್ಕೆ ಭಾವನೆ ಮಾರ್ತಾರೆ ಅನ್ನೋದು ಅವರ ಮಾತಿನ ತಿರುಳು. ಅದರಲ್ಲಿ ಎರಡು ದಾರಿ ಹೇಳ್ತಾರೆ. ಒಂದು ಸರ್ಫೇಸ್ ಆಕ್ಟಿಂಗ್, ಒಳಗೊಂದು ಇಟ್ಕೊಂಡು ಮುಖದ ಮೇಲೆ ಇನ್ನೊಂದು ಅಂಟಿಸ್ಕೊಳ್ಳೋದು. ಇನ್ನೊಂದು ಡೀಪ್ ಆಕ್ಟಿಂಗ್, ಎದುರಿಗಿರೋರ ಬಗ್ಗೆ ಯೋಚನೆ ಮಾಡಿ ಆ ಭಾವನೆನೇ ಒಳಗಿಂದ ಹುಟ್ಟಿಸ್ಕೊಳ್ಳೋದು. ಸಿಸ್ಟರ್ ಮುಂದಿನ ಬೆಡ್‌ನವರ ಹೆಸರು ಹೇಳ್ಕೊಳ್ತಾರಲ್ಲ, ಅದು ಎರಡನೇದು. ಮುಂದೆ ಸುಮಾರು ಮೂವತ್ತು ವರ್ಷದ ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ 2011ರಲ್ಲಿ ಒಂದು ವಿಶ್ಲೇಷಣೆ ಬಂತು, ಅದರಲ್ಲೂ ಸುಸ್ತು, ಬಳಲಿಕೆ ಜೊತೆ ಗಟ್ಟಿಯಾಗಿ ತಳುಕು ಹಾಕ್ಕೊಂಡಿದ್ದು ಮೊದಲನೇ ದಾರಿಯೇ. ಗದಗದವರು ಎಂಟು ತಿಂಗಳು ಮಾಡಿದ್ದು ಬಹುಶಃ ಅದು. ಡೆವಲಪರ್ ಬಗ್ಗೆ ಏನೂ ಅನಿಸದೇ "ವೀಕೆಂಡ್ ಹೇಗಿತ್ತು" ಅಂತ ಕೇಳಿದ್ರೆ ಅದು ಅಂಟಿಸಿದ ಮುಖ. ಅದೇ ಹುಡುಗನ ಅಮ್ಮಂಗೆ ಆಪರೇಷನ್ ಆಗಿದೆ ಅಂತ ನಿಮಗೆ ಗೊತ್ತಿದ್ದು ಕೇಳಿದ್ರೆ ಅದಕ್ಕೆ ನಟನೆ ಬೇಕಾಗಲ್ಲ.

ಇನ್ನೊಂದು ವಿಷಯ. ಕೆನಡಾದ ಬ್ರಯಾನ್ ಲಿಟಲ್ ಅಂತ ಮನಃಶಾಸ್ತ್ರಜ್ಞರು, ತುಂಬಾ ಅಂತರ್ಮುಖಿ, ಆದ್ರೆ ಪಾಠ ಮಾಡೋಕೆ ನಿಂತ್ರೆ ಕ್ಲಾಸ್ ಕುಣಿಯೋ ಹಾಗೆ ಮಾಡ್ತಿದ್ರು. ನಮಗೆ ಮುಖ್ಯ ಅನಿಸಿದ ಕೆಲಸಕ್ಕೋಸ್ಕರ, ನಾವು ಪ್ರೀತಿಸೋರಿಗೋಸ್ಕರ ಹುಟ್ಟುಗುಣದ ಆಚೆ ಹೋಗಿ ನಡ್ಕೊಳ್ಳೋಕೆ ಮನುಷ್ಯರಿಗೆ ಆಗುತ್ತೆ, ಆದ್ರೆ ಅದಕ್ಕೆ ಬೆಲೆ ಇದೆ, ಆಮೇಲೆ ಚೇತರಿಸ್ಕೊಳ್ಳೋಕೆ ಜಾಗ ಬೇಕು ಅಂತ ಅವರು ಹೇಳೋದು. ಅವರೇ ಉಪನ್ಯಾಸ ಮುಗಿಸಿ ಟಾಯ್ಲೆಟ್‌ನಲ್ಲಿ ಹೋಗಿ ಒಬ್ಬರೇ ಕೂತ್ಕೊಳ್ತಿದ್ರಂತೆ. ಸಿಸ್ಟರ್ ಹೇಳಿದ ಚೌಕಿ ಅಂದ್ರೆ ಅದೇ, ಎಷ್ಟು ಚೆನ್ನಾಗಿ ಹೇಳಿದ್ರಿ ತಾಯಿ.

ಹಾಗಂತ "ನಾನು ಇರೋದೇ ಹೀಗೆ" ಅಂತ ಹಳೇದಕ್ಕೆ ಪೂರ್ತಿ ವಾಪಸ್ ಹೋಗೋದೂ ನಂಗೆ ಸರಿ ಕಾಣಲ್ಲ. ನಾಯಕತ್ವದ ಬಗ್ಗೆ ಅಧ್ಯಯನ ಮಾಡೋ ಹರ್ಮೀನಿಯಾ ಇಬಾರಾ ಅನ್ನೋರು 2015ರಲ್ಲಿ ಒಂದು ಲೇಖನ ಬರೆದಿದ್ರು. ಅದರಲ್ಲಿ ಒಬ್ಬ ಹೆಂಗಸಿಗೆ ದೊಡ್ಡ ಬಡ್ತಿ ಸಿಗುತ್ತೆ, ಆಕೆ ಪಾರದರ್ಶಕವಾಗಿರ್ಬೇಕು ಅಂತ ನಂಬಿದೋರು, ಹೊಸ ಟೀಮ್ ಮುಂದೆ ನಿಂತು ಈ ಕೆಲಸ ನನಗೆ ಭಯ ಆಗ್ತಿದೆ, ನಿಮ್ಮ ಸಹಾಯ ಬೇಕು ಅಂತ ಮನಸ್ಸು ಬಿಚ್ಚಿ ಹೇಳ್ಬಿಡ್ತಾರೆ. ಟೀಮ್‌ಗೆ ಬೇಕಾಗಿದ್ದು ಧೈರ್ಯದ ನಾಯಕಿ, ಅವರ ನಂಬಿಕೆನೇ ಹೋಗುತ್ತೆ. ಆಕೆ ಹೇಳಿದ್ದು ಸುಳ್ಳಲ್ಲ, ಹೇಳಿದ ಜಾಗ, ಹೊತ್ತು ಸರಿ ಇರ್ಲಿಲ್ಲ. ಹೊಸ ಕೆಲಸಕ್ಕೆ ಬಂದಾಗ ಹೊಸ ನಡೆ ಒಂದಷ್ಟು ದಿನ ನಮ್ಮದಲ್ಲ ಅನಿಸುತ್ತೆ, ಹೊಸ ಚಪ್ಪಲಿ ಕಚ್ಚೋ ಹಾಗೆ. ಎಲ್ಲವೂ ಕಚ್ಚಿದ ತಕ್ಷಣ ಬಿಸಾಕೋದಲ್ಲ.

ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ತಂದೆ ಮೂವತ್ತು ವರ್ಷ ರೈತರ ಮುಖಕ್ಕೇ ಹಸಿ ಇದೆ ಅಂದ್ರೂ ಅವರು ಮತ್ತೆ ಅದೇ ಅಂಗಡಿಗೆ ಬರ್ತಿದ್ರಾ? ಬರ್ತಿದ್ರೆ ಯಾಕೆ ಬರ್ತಿದ್ರು?

---

ಗದಗಿನಾಂವ:

ನಾಕ ದಿನ ಆದಮ್ಯಾಲೆ ಬರಿಯಾಕತ್ತೀನಿ. ಎಲ್ಲಾರಿಗೂ ಕೈ ಮುಗದು ಹೇಳ್ತೀನಿ, ಒಬ್ಬೊಬ್ಬರದೂ ಎರಡೆರಡ ಸಲ ಓದೇನಿ, ಹೆಂಡ್ತಿಗೂ ಓದಿ ಹೇಳೇನಿ, ಸಿಸ್ಟರ್ ಬರದದ್ದಕ್ಕ ಆಕಿ ಕಣ್ಣಾಗ ನೀರು ತಂದ್ಳು.

ಮೇಷ್ಟ್ರ, ನಿಮ್ಮ ಪ್ರಶ್ನಿ ಹಿಡ್ಕೊಂಡು ಆ ರಾತ್ರಿನ ಅಪ್ಪಗ ಫೋನ್ ಮಾಡಿದೆ. ರೈತರು ಮತ್ತ ಮತ್ತ ನಿಮ್ಮ ಕಡೇನ ಯಾಕ ಬರ್ತಿದ್ರು ಅಂತ ಕೇಳಿದೆ. ಅಪ್ಪ ಅಂದ, "ನಾ ಶೇಂಗಾಕ್ಕ ಕೈ ಹಚ್ಚೂಕಿಂತ ಮೊದಲ ಅವಗ ಚಾ ತರಸ್ತಿದ್ದೆ. ರಾತ್ರಿ ಎಲ್ಲಾ ಚಕ್ಕಡ್ಯಾಗ ಕುಂತ ಬಂದಿರ್ತಾನ. ಮಳಿ ಹೆಂಗಾತು, ಮಗಳ ಲಗ್ನ ಯಾವಾಗ ಅಂತ ಕೇಳ್ತಿದ್ದೆ. ಆಮ್ಯಾಲೆ ನೋಡ್ತಿದ್ದೆ ಮಾಲು. ಹಸಿ ಇದ್ರ ಒಣಗಸಾಕ ನಮ್ಮ ಕಟ್ಟಿ ಮ್ಯಾಲೆ ಜಾಗಾ ಕೊಡ್ತಿದ್ದೆ." ನಾ ಕೇಳಿದೆ, ಚಾ ಕುಡಿಸಿದ ಮ್ಯಾಲೆ ಹಸಿ ಅನ್ನಾಕ ಮುಲಾಜ ಆಗ್ತಿದ್ದಿಲ್ಲೇನು ಅಂತ. "ಚಾದ ಲೆಕ್ಕ ಬ್ಯಾರೆ, ತೂಕದ ಲೆಕ್ಕ ಬ್ಯಾರೆ" ಅಂದ. ನಾ ಚೀಲದ ಮ್ಯಾಲೆ ಕುಂತು ಮುಷ್ಟಿ ಅಲ್ಲಾಡಸೂದಷ್ಟ ನೋಡಿದ್ದೆ. ಚಾ ಕಪ್ಪು ಅಲ್ಲೇ ಇದ್ವು, ಕಣ್ಣಿಗೆ ಬಿದ್ದಿದ್ದಿಲ್ಲ.

ಅಕ್ಕಾರು ಹೇಳಿದಂಗ ಮ್ಯಾನೇಜರ್ ಕಡೆ ಹೋಗಿ ಉದಾಹರಣಿ ಕೊಡ್ರಿ ಅಂತ ಕೇಳಿದೆ. ಅವರು ಸ್ವಲ್ಪ ವಿಚಾರ ಮಾಡಿ ಒಂದ ಒಂದು ಹೇಳಿದ್ರು, ಹೋದ ವರ್ಷ ಕ್ಲೈಂಟ್ ಕಾಲ್‌ನ್ಯಾಗ ಎಲ್ಲಾರ ಮುಂದ ಒಬ್ಬ ಹೊಸಾ ಹುಡುಗನ ಕೋಡ್ ಬಗ್ಗೆ "ಇದನ್ನ ಯಾರೂ ಟೆಸ್ಟ್ ಮಾಡೇ ಇಲ್ಲ" ಅಂದಿದ್ದೆನಂತ. ಅಂದಿದ್ದೆ, ನನಗ ನೆನಪೈತಿ. ಅದು ಖರೇ ಇತ್ತು, ಆದ್ರ ಆ ಹುಡುಗಗ ಹಿಂದಿನ ದಿನ ಕರದು ಹೇಳಬಹುದಿತ್ತು. ಬ್ಯಾರೆ ಉದಾಹರಣಿ ಅವರ ಕಡೆ ಇದ್ದಿದ್ದಿಲ್ಲ. ರಾಯಚೂರ ತಂಗಿ ಹೇಳಿದ್ದೂ ಒಂದಿಷ್ಟ ಇತ್ತು ಅಂತ ನನಗ ಅನಸ್ತು, ಯಾಕಂದ್ರ ಅವರು "ನಿಮ್ಮ ಕಡೇವ್ರು ಸ್ವಲ್ಪ ಹಂಗ ಅಲ್ಲಾ" ಅಂದ್ರು. ನಾ ಅಲ್ಲೇ ಹೇಳಿದೆ, ಸರ್, ನಮ್ಮ ಕಡೆ ಧಾಟಿ ಹಂಗ, ಅದು ಸಿಟ್ಟಲ್ಲ ಅಂತ. ಅವರು ಸಾರಿ ಅಂದ್ರು.

ನಿನ್ನೆ ಟ್ರಯಾಜ್ ಮೀಟಿಂಗ್ ಇತ್ತು. ರಿಫಂಡ್ ಬರೂ ಕಡೆ ಒಂದು ಬಗ್ ಐತಿ, ಮೊತ್ತ ಸರಿ ಹೊಂದವಲ್ದು. ಮೀಟಿಂಗ್‌ಕ್ಕಿಂತ ಮೊದಲ ಆ ಡೆವಲಪರ್ ಹುಡುಗನ್ನ ಕ್ಯಾಂಟೀನ್‌ಗೆ ಕರಕೊಂಡು ಹೋದೆ, ಎರಡ ಚಾ ತಗೊಂಡೆ, ಅವನ ಊರು ಬಳ್ಳಾರಿ ಅಂತ ಮೂರ ವರ್ಷದಾಗ ಮೊದಲನೇ ಸಲ ಗೊತ್ತಾತು. ಲ್ಯಾಪ್‌ಟಾಪ್ ತಗದು ಬಗ್ ತೋರಿಸಿದೆ. ಅವನ ಮುಖ ಸಣ್ಣ ಆತು, ಆದ್ರ ನೋಡಿದ, ಹೌದು ಅಣ್ಣ ಅಂದ. ಹತ್ತ ನಿಮಿಷದ ಮ್ಯಾಲೆ ಮೀಟಿಂಗ್‌ನ್ಯಾಗ ಪ್ರಾಡಕ್ಟ್‌ನವರು ಕೇಳಿದ್ರು, ಇದನ್ನ ಸೆವ್ ಟೂ ಮಾಡಿ ರಿಲೀಸ್ ಬಿಡಬಹುದಾ ಅಂತ. ನನ್ನ ಎದಿ ಡವಡವ ಅನ್ನಾಕತ್ತಿತ್ತು. ನಗಲಿಲ್ಲ, ದನಿನೂ ಏರಸಲಿಲ್ಲ. "ಇಲ್ಲ, ಸೆವ್ ಒನ್ ಐತಿ, ನಾ ಸೈನ್ ಆಫ್ ಕೊಡೂದಿಲ್ಲ" ಅಂದೆ. ಒಂದ ಕ್ಷಣ ಯಾರೂ ಮಾತಾಡ್ಲಿಲ್ಲ. ಆಮ್ಯಾಲೆ ಆ ಬಳ್ಳಾರಿ ಹುಡುಗನೇ ಮೈಕ್ ಆನ್ ಮಾಡಿ, ನಂಗೆ ಎರಡು ದಿನ ಕೊಡಿ, ಸರಿ ಮಾಡ್ತೀನಿ ಅಂದ.

ರಿಲೀಸ್ ಗುರುವಾರಕ್ಕ ಹೋಗೇತಿ. ಸಿಸ್ಟರ್, ನಿನ್ನೆ ಎರಡ ಸ್ಟಾಪ್ ಮೊದಲ ಇಳದೆ, ನಡಕೋತ ಮನಿಗೆ ಹೋದೆ. ಸಾರಿಗೆ ಉಪ್ಪು ಕಡಿಮಿ ಇತ್ತು. ಹೇಳಿದೆ. ಆಕಿ ಉಪ್ಪಿನ ಡಬ್ಬಿ ನನ್ನ ಮುಂದ ಇಟ್ಟು ಹೋದ್ಳು.

---

ಉಡುಪಿಯ ಸಿಸ್ಟರ್:

ನೈಟ್ ಡ್ಯೂಟಿಯಲ್ಲಿ ಬ್ರೇಕಿಗೆ ಕೂತು ಓದಿದೆ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ ಅಣ್ಣ.